ಪೂರ್ವಕಥೆಯ ಪ್ರೇಕ್ಷಕರು

ಕಥೆಯನ್ನು ಕೇಳತಕ್ಕವನಿಗೆ ಎರಡು ಬಗೆಯ ಕುತೂಹಲಗಳುಂಟು. ‘ಮುಂದೇನಾಯಿತು?’ ಎಂಬುದು ಒಂದು. ‘ಇದಕ್ಕೆ ಮೊದಲು ಏನು ನಡೆದಿತ್ತು?’ ಎಂಬುದು ಇನ್ನೊಂದು. ಮೊದಲನೆಯದು ಕಥೆಯೊಡನೆಯೇ ಹುಟ್ಟಿ ಕಥೆಯೊಡನೆಯೇ ಅಡಗುತ್ತದೆ. ಎರಡನೆಯದು ಕಥೆ ಮುಗಿದ ಮೇಲೆ ಮೊಳೆಯತಕ್ಕದ್ದು. ಅದು ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂದಿನ ಕಥೆಯನ್ನು ಹೇಳುವವನ ಎದುರಿಗೆ ಕೇಳುವವನು ಏನೂ ಅರಿಯದವನಾಗಿ ಕುಳಿತಿರುತ್ತಾನೆ. ಹಿಂದಿನ ಕಥೆಯನ್ನು ಹೇಳಹೊರಟವನ ಎದುರಿಗೆ ಕುಳಿತವನಾದರೋ ಹಣ್ಣನ್ನು ಆಗಲೇ ತಿಂದವನು. ಅದನ್ನು ಬಿಟ್ಟ ಮರ ಹೇಗಿದ್ದಿರಬಹುದೆಂದು ತಾನೇ ಊಹಿಸಿ ಬೆಳೆಸಿಕೊಂಡವನು. ಕವಿಯು ತಂದು ನಿಲ್ಲಿಸಿದ ಮರವು ತನ್ನ ಮನಸ್ಸಿನ ಮರವನ್ನು ಹೋಲದಿದ್ದರೆ ಅವನು ಸುಮ್ಮನಿರುವುದು ಕಷ್ಟ.

ಇದಕ್ಕೆ ದೊಡ್ಡದೊಂದು ನಿದರ್ಶನ ಅಮೆರಿಕದ ‘ಸ್ಟಾರ್ ವಾರ್ಸ್’ ಎಂಬ ಚಲಚ್ಚಿತ್ರಮಾಲೆಯಲ್ಲಿ ದೊರೆಯುತ್ತದೆ. ಅದರ ಮೊದಲ ಚಿತ್ರವನ್ನು ಜಾರ್ಜ್ ಲ್ಯೂಕಸ್ ಅವರು ತಾವೇ ಬರೆದು ನಿರ್ದೇಶಿಸಿದರು. 1977ನೆಯ ಇಸವಿ ಮೇ 25ನೆಯ ತಾರೀಖು ಅದು ತೆರೆಗೆ ಬಂದಿತು. ಮೊದಲ ದಿನ ಅದನ್ನು ತೋರಿಸಿದ ಚಿತ್ರಮಂದಿರಗಳು 32 ಮಾತ್ರ. ಮರಳುಗಾಡಿನಂತಹ ಒಂದು ಗ್ರಹದಲ್ಲಿ, ಒಕ್ಕಲುತನದ ಮನೆಯಲ್ಲಿ ಬೆಳೆದ ಲ್ಯೂಕ್ ಎಂಬ ತರುಣನು ಒಬ್ಬ ವೃದ್ಧ ಗುರುವಿನಿಂದ ಉಪದೇಶವನ್ನು ಪಡೆದು, ಅಂತರಿಕ್ಷವನ್ನೆಲ್ಲ ಆಳುತ್ತಿದ್ದ ದುಷ್ಟಸಾಮ್ರಾಜ್ಯವೊಂದನ್ನು ಎದುರಿಸಿದ ಕಥೆ ಅದು. ಆ ಸಾಮ್ರಾಜ್ಯದ ಕಡೆಯ ಮಹಾವೀರ ಡಾರ್ತ್ ವೇಡರ್. ಅಡಿಯಿಂದ ಮುಡಿಯವರೆಗೆ ಕರಿಯ ಕವಚ, ಮುಖವನ್ನು ಪೂರ್ತಿಯಾಗಿ ಮರೆಮಾಡಿದ ಮುಖವಾಡ, ಯಂತ್ರದಿಂದ ಹೊರಟಂತಹ ಉಸಿರು. 1980ರಲ್ಲಿ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಎಂಬ ಎರಡನೆಯ ಚಿತ್ರ ಬಂದಾಗ ಆ ವೇಡರನೇ ಲ್ಯೂಕನ ತಂದೆ ಎಂಬ ಸಂಗತಿ ಬಯಲಾಗಿ ನೋಡಿದವರೆಲ್ಲ ಬೆರಗಾದರು. 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಕೊನೆಯಲ್ಲಿ ಮಗನ ಪ್ರಾಣವನ್ನು ಉಳಿಸುವುದಕ್ಕಾಗಿ ತಂದೆಯು ತನ್ನ ಒಡೆಯನನ್ನೇ ಕೊಂದು, ತಾನೂ ಸತ್ತು, ಪಾಪದಿಂದ ಬಿಡುಗಡೆ ಹೊಂದಿದನು. ಕಥೆಯು ಮುಗಿದಂತಾಯಿತು.

ಆದರೆ ನಿಜವಾಗಿ ಮುಗಿದಿರಲಿಲ್ಲ. 1980ರ ಚಿತ್ರದ ಮೊದಲಿಗೆ ‘ಐದನೆಯ ಭಾಗ’ ಎಂಬ ಬರೆಹವಿತ್ತು. ಮೊದಲ ಚಿತ್ರವನ್ನು 1981ರಲ್ಲಿ ಮತ್ತೆ ತೋರಿಸಿದಾಗ ಅದಕ್ಕೆ ‘ನಾಲ್ಕನೆಯ ಭಾಗ’ ಎಂಬ ಅಂಕಿತ ಸೇರಿತು. ಅಂದಮೇಲೆ ಮೊದಲ ಮೂರು ಭಾಗಗಳೆಲ್ಲಿ? ಪ್ರೇಕ್ಷಕರು ತಾವು ಕಥೆಯ ನಡುವಿನ ಬಾಗಿಲಿನಿಂದ ಒಳಗೆ ಬಂದವರೆಂದು ಆಗ ತಿಳಿದುಕೊಂಡರು. ಹಿಂದೆ ನಡೆದುದರ ಬಗ್ಗೆ ಅವರಿಗೆ ತಿಳಿದಿದ್ದುದು ಬಹಳ ಸ್ವಲ್ಪ. ವೇಡರನು ಒಂದು ಕಾಲದಲ್ಲಿ ಜೆಡೈ ಎಂಬ ಧರ್ಮವೀರರ ಪಂಗಡಕ್ಕೆ ಸೇರಿದ್ದನು. ಅನಾಕಿನ್ ಎಂಬುದು ಅವನ ಹೆಸರು. ಲ್ಯೂಕನಿಗೆ ಉಪದೇಶಕೊಟ್ಟ ವೃದ್ಧನೇ ಅವನಿಗೂ ಗುರು. ‘ಕ್ಲೋನ್ ಯುದ್ಧ’ ಎಂಬುದೊಂದು ನಡೆದಿತ್ತು. ಇಷ್ಟೇ. ಇದನ್ನು ಆಧಾರವಾಗಿಟ್ಟುಕೊಂಡು ಹುಡುಗರು 16 ವರ್ಷಗಳ ಕಾಲ ತಮ್ಮ ತಮ್ಮ ಮನಸ್ಸಿನಲ್ಲಿ ಒಂದೊಂದು ಪೂರ್ವಕಾಂಡವನ್ನು ರಚಿಸಿಕೊಂಡರು. ಅಂಗಡಿಯಿಂದ ತಂದ ಬೊಂಬೆಗಳನ್ನು ಹಿಡಿದು ಆಡಿದ ಆಟದಲ್ಲಿ ಅದು ಬೆಳೆಯಿತು. ಕ್ಯಾಸೆಟ್ಟುಗಳಲ್ಲಿ ಹಳೆಯ ಚಿತ್ರಗಳನ್ನು ಪದೇ ಪದೇ ನೋಡಿದಾಗ ಬಲಿಯಿತು. ಹೀಗೆ ಕಟ್ಟಿಕೊಂಡ ಕಥೆಗೆ ಒಂದು ಅನುಕೂಲವುಂಟು: ಅದನ್ನು ಯಾರೂ ಬರೆದಿಲ್ಲವಾದ್ದರಿಂದ ಅದರಲ್ಲಿ ತಪ್ಪೇ ಇರುವುದಿಲ್ಲ.

1998ನೆಯ ಇಸವಿ ನವೆಂಬರಿನಲ್ಲಿ ಹೊಸ ಚಿತ್ರದ ಮುನ್ನೋಟ ಹೊರಬಿದ್ದಿತು. ಕೆಲವು ನಿಮಿಷಗಳ ಆ ತುಣುಕನ್ನು ಬೇರೆ ಚಿತ್ರಗಳ ಮೊದಲಿಗೆ ತೋರಿಸುತ್ತಿದ್ದರು. ಅದಕ್ಕಾಗಿಯೇ ಪೂರ್ತಿ ಹಣ ಕೊಟ್ಟು ಒಳಹೊಕ್ಕು, ತುಣುಕು ಮುಗಿದೊಡನೆ ಎದ್ದುಹೋದವರುಂಟು. ಆಗ ಹೊರಟ ಭಿತ್ತಿಚಿತ್ರದಲ್ಲಿ ಒಬ್ಬ ಚಿಕ್ಕ ಹುಡುಗ ಮರಳಿನ ಮೇಲೆ ನಡೆದುಬರುತ್ತಿದ್ದಾನೆ. ಹಿಂದಿನ ಗೋಡೆಯ ಮೇಲೆ ಬಿದ್ದಿರುವ ಅವನ ನೆರಳು ಡಾರ್ತ್ ವೇಡರನ ಆಕಾರವಾಗಿದೆ. ಹೇಳಬೇಕಾದುದೆಲ್ಲವನ್ನೂ ಆ ಒಂದು ಚಿತ್ರ ಹೇಳಿಬಿಟ್ಟಿತ್ತು. ಲಾಸ್ ಏಂಜಲಿಸ್ ನಗರದ ಚೈನೀಸ್ ಥಿಯೇಟರಿನ ಮುಂದೆ ಆರು ವಾರಗಳಷ್ಟು ಮೊದಲೇ ಜನ ಸಾಲುಗಟ್ಟಿದರು. 1999ನೆಯ ಇಸವಿ ಮೇ 19ನೆಯ ತಾರೀಖು ‘ದಿ ಫ್ಯಾಂಟಮ್ ಮೆನೇಸ್’ ಎಂಬ ಮೊದಲನೆಯ ಭಾಗವು ಬಿಡುಗಡೆಯಾಯಿತು. ಲ್ಯೂಕಸ್ ಅವರು ಸ್ವತಃ ನಿರ್ದೇಶಕರ ಪೀಠದಲ್ಲಿ ಕುಳಿತು 22 ವರ್ಷಗಳಾಗಿದ್ದವು.

ಆ ದಿನ ಚಿತ್ರಮಂದಿರದಲ್ಲಿ ಕುಳಿತಿದ್ದವರಲ್ಲಿ ಮುಖ್ಯವಾಗಿ ಇಬ್ಬರನ್ನು ಕಲ್ಪಿಸಿಕೊಳ್ಳಬಹುದು. 1977ರಲ್ಲಿ 10 ವರ್ಷದ ಹುಡುಗನಾಗಿದ್ದವನು ಈಗ 32 ವರ್ಷದ ಗೃಹಸ್ಥ. ಅವನ ಪಕ್ಕದಲ್ಲಿ 7 ವರ್ಷದ ಅವನ ಮಗ. ತಂದೆಗೆ ಕಥೆಯ ಕೊನೆ ಗೊತ್ತು. ಮಗನಿಗೆ ಪೂರ್ತಿಯಾಗಿ ಗೊತ್ತಿಲ್ಲ. ತಂದೆ ನೋಡಬಂದಿರುವುದು ಕಳೆದುಹೋದ ಒಂದು ವಸ್ತುವನ್ನು; ಮಗ ನೋಡಬಂದಿರುವುದು ಹೊಸದೊಂದು ಆಟವನ್ನು. ಇಬ್ಬರ ಮುಂದೆಯೂ ಒಂದೇ ತೆರೆ, ಒಂದೇ ಬೆಳಕು. ಆದರೂ ಇಬ್ಬರೂ ಒಂದೇ ಚಿತ್ರವನ್ನು ನೋಡಿದರೆಂದು ಹೇಳುವುದು ಸಾಹಸವೇ ಸರಿ.

ಮೊದಲ ದಿನ ಹೊರಗೆ ಬಂದವರಲ್ಲಿ ಅನೇಕರು ಕೇಕೆ ಹಾಕಿಕೊಂಡೇ ಬಂದರು. ನಿರಾಶೆ ಒಮ್ಮೆಗೇ ಕಾಣಿಸಲಿಲ್ಲ. ಎರಡನೆಯ ಸಲ, ಮೂರನೆಯ ಸಲ ನೋಡಿದವರಿಗೆ ಅದು ಮೆಲ್ಲಗೆ ಇಳಿಯಿತು. ಪ್ರಿಯವಾದ ವಸ್ತುವಿನ ದೋಷವನ್ನು ಮನಸ್ಸು ತಡವಾಗಿ ಒಪ್ಪುತ್ತದೆ. ಆಮೇಲೆ ಎದ್ದ ಕೂಗು ಇಂದಿಗೂ ಪೂರ್ತಿ ಅಡಗಿಲ್ಲ. ಚಿತ್ರವು ಹಣ ತರಲಿಲ್ಲವೆಂದಲ್ಲ; ಮೊದಲ ಪ್ರದರ್ಶನದಲ್ಲಿಯೇ ಲೋಕದ ಎಲ್ಲ ಕಡೆಗಳಿಂದ ಸುಮಾರು 92 ಕೋಟಿ ಡಾಲರುಗಳನ್ನು ತಂದು, ಆ ವರ್ಷದ ಚಿತ್ರಗಳಲ್ಲೆಲ್ಲ ಹೆಚ್ಚು ಗಳಿಸಿತು. ನೋಡಿದವರೇ ಬೈದರು, ಬೈದವರೇ ಮತ್ತೆ ನೋಡಿದರು.

ನಿರಾಶರಾದವರ ಆಕ್ಷೇಪಗಳನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿಲ್ಲ. ಕಥೆಯು ವ್ಯಾಪಾರಮಾರ್ಗಗಳ ಮೇಲೆ ಹಾಕಿದ ತೆರಿಗೆಯ ಜಗಳದಿಂದ ಆರಂಭವಾಗುತ್ತದೆ. ವರ್ತಕರ ಒಕ್ಕೂಟವೊಂದು ನಬೂ ಎಂಬ ಸಣ್ಣ ಗ್ರಹಕ್ಕೆ ಮುತ್ತಿಗೆ ಹಾಕುತ್ತದೆ. ಅಲ್ಲಿಯ ಚಿಕ್ಕ ವಯಸ್ಸಿನ ರಾಣಿ ರಾಜಧಾನಿಗೆ ಹೋಗಿ ಮಹಾಸಭೆಯ ಮುಂದೆ ದೂರು ಹೇಳಿಕೊಳ್ಳುತ್ತಾಳೆ. ಅಲ್ಲಿ ಚರ್ಚೆಯ ಮೇಲೆ ಚರ್ಚೆ. ಕತ್ತಿಯ ಮಿಂಚನ್ನು ನೋಡಬಂದವರಿಗೆ ಕಛೇರಿಯ ಕಡತ ಬಿಚ್ಚಿದಂತಾಯಿತು. ಇಷ್ಟೇ ಅಲ್ಲ, ಈ ಕಥೆಗೆ ನಾಯಕನಾರು ಎಂಬ ಪ್ರಶ್ನೆಯೂ ಎದ್ದಿತು. ವೇಡರನಾಗಬೇಕಾದ ಬಾಲಕ ಅನಾಕಿನನು ಕಥೆ ಬಹಳ ದೂರ ನಡೆದ ಮೇಲೆ ಬರುತ್ತಾನೆ. ಅವನನ್ನು ದಾಸ್ಯದಿಂದ ಬಿಡಿಸುವ ಕ್ವೈ-ಗಾನ್ ಎಂಬ ಜೆಡೈ ಕೊನೆಯಲ್ಲಿ ಸಾಯುತ್ತಾನೆ. ಅವನ ಶಿಷ್ಯ ಓಬಿ-ವಾನನು ಬಹುಭಾಗ ಹಡಗಿನಲ್ಲಿಯೇ ಉಳಿದಿರುತ್ತಾನೆ. 2009ರಲ್ಲಿ ಅಮೆರಿಕದ ವಿಮರ್ಶಕರೊಬ್ಬರು ಈ ಚಿತ್ರವನ್ನು ಖಂಡಿಸಿ ಸುಮಾರು 70 ನಿಮಿಷಗಳ ದೃಶ್ಯವಿಮರ್ಶೆಯೊಂದನ್ನೇ ತಯಾರಿಸಿದರು. ಖಂಡನೆಯ ಉದ್ದ ಮೂಲದ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು. ಅದರಲ್ಲಿ ಅವರು ಎತ್ತಿದ ದೊಡ್ಡ ಪ್ರಶ್ನೆಯೂ ಇದೇ: ಪ್ರೇಕ್ಷಕನು ಯಾರ ಕೈ ಹಿಡಿದುಕೊಂಡು ಈ ಕಥೆಯಲ್ಲಿ ನಡೆಯಬೇಕು?

ಇನ್ನೊಂದು ಆಕ್ಷೇಪ ಇನ್ನೂ ಆಳವಾದುದು. ಮೊದಲ ಚಿತ್ರದಲ್ಲಿ ‘ಫೋರ್ಸ್’ ಎಂಬ ಶಕ್ತಿಯ ಪ್ರಸ್ತಾಪವಿದೆ. ಅದು ಸಕಲ ಜೀವಿಗಳಿಂದ ಹುಟ್ಟಿ ಜಗತ್ತನ್ನೆಲ್ಲ ಬಂಧಿಸಿರುವ ಶಕ್ತಿಯೆಂದೂ, ಮನಸ್ಸನ್ನು ನಿಲ್ಲಿಸಿದವನಿಗೆ ಒದಗುವುದೆಂದೂ ವೃದ್ಧ ಗುರು ಲ್ಯೂಕನಿಗೆ ತಿಳಿಸುತ್ತಾನೆ. ಆ ಮಾತನ್ನು ಕೇಳಿದ ಯಾವ ಹುಡುಗನಿಗಾದರೂ ಅದು ತನಗೂ ಒದಗೀತು ಎಂಬ ಆಸೆ ಹುಟ್ಟುವುದು ಸಹಜ. 1999ರ ಚಿತ್ರದಲ್ಲಿಯಾದರೋ ಬಾಲಕನ ರಕ್ತವನ್ನು ಪರೀಕ್ಷಿಸಿ, ಅದರಲ್ಲಿರುವ ‘ಮಿಡಿಕ್ಲೋರಿಯನ್’ ಎಂಬ ಸೂಕ್ಷ್ಮಜೀವಿಗಳನ್ನು ಎಣಿಸುತ್ತಾರೆ. ಲೆಕ್ಕ 20,000ವನ್ನು ಮೀರುತ್ತದೆ. ಸಾಧನೆಯಿಂದ ಬರುವುದೆಂದು ನಂಬಿದ್ದುದು ಜನ್ಮದಿಂದ ಬರತಕ್ಕದ್ದಾಯಿತು. ನಂಬಿದವರಿಗೆ ಇದು ಬಾಗಿಲನ್ನು ಮುಖದ ಮೇಲೆ ಹಾಕಿದಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಚಿತ್ರದ ಪಕ್ಷದವರು ಇದಕ್ಕೆ ಉತ್ತರವನ್ನು ಹೇಳದೆ ಇರಲಿಲ್ಲ. ಆ ಜೀವಿಗಳು ಶಕ್ತಿಯ ಮೂಲವಲ್ಲ, ಅದರ ಇಚ್ಛೆಯನ್ನು ತಿಳಿಸುವ ದೂತರು ಮಾತ್ರ. ಮೇಲಾಗಿ, ಆ ಶಕ್ತಿ ವಂಶದಲ್ಲಿ ಹರಿದುಬರುವುದೆಂಬ ಸೂಚನೆ 1983ರ ಚಿತ್ರದಲ್ಲಿಯೇ ಉಂಟು ಎಂದು ಅವರ ವಾದ. ವಾದ ಸರಿಯಾದುದೇ. ಆದರೆ ಸರಿಯಾದ ವಾದದಿಂದ ಕಳೆದುಹೋದ ಆಸೆ ಹಿಂದಿರುಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೈಗುಳಕ್ಕೆ ಗುರಿಯಾದುದು ಜಾರ್ ಜಾರ್ ಬಿಂಕ್ಸ್ ಎಂಬ ಪಾತ್ರ. ಉದ್ದವಾದ ಕಿವಿ, ತೊದಲುನುಡಿ, ಎಡವಿದಲ್ಲೆಲ್ಲ ಏನಾದರೊಂದು ಅನಾಹುತ; ಈ ಪ್ರಾಣಿಯು ಕಥೆಯಲ್ಲಿ ವಿದೂಷಕನ ಸ್ಥಾನದಲ್ಲಿದೆ. ಸಂಸ್ಕೃತ ನಾಟಕಗಳ ವಿದೂಷಕನು ರಾಜನ ಮಿತ್ರ. ರಾಜನ ವಿರಹವು ಹೆಚ್ಚಾದಾಗ ಅದನ್ನು ಸ್ವಲ್ಪ ಹಗುರಮಾಡಿ, ಸಮಯವನ್ನರಿತು ಹಿಂದೆ ಸರಿಯುತ್ತಾನೆ. ಜಾರ್ ಜಾರನು ರಣರಂಗದಲ್ಲಿಯೂ ಹಿಂದೆ ಸರಿಯುವುದಿಲ್ಲ. ದೊಡ್ಡವರಿಗೆ ಇದು ಸಹಿಸದಾಯಿತು. ಅವನ ಮಾತು ನಡೆಗಳಲ್ಲಿ ಕರಿಯ ಜನರನ್ನು ಅಣಕಿಸುವ ಹಳೆಯ ವಾಡಿಕೆಯ ನೆರಳಿದೆಯೆಂದು ಕೆಲವು ಪತ್ರಿಕೆಗಳು ಬರೆದವು. ಲ್ಯೂಕಸ್ ಅವರ ಕಡೆಯವರು ಅದನ್ನು ನಿರಾಕರಿಸಿದರು. ಈ ಚಿತ್ರಗಳು ಮೊದಲಿನಿಂದಲೂ ಮಕ್ಕಳಿಗಾಗಿಯೇ ಮಾಡಿದವು ಎಂಬುದು ಲ್ಯೂಕಸ್ ಅವರ ಸಮಾಧಾನ. ತಂದೆಯ ಪಕ್ಕದಲ್ಲಿದ್ದ ಮಗನಾದರೋ ಜಾರ್ ಜಾರನು ಬಿದ್ದಾಗಲೆಲ್ಲ ನಗುತ್ತಿದ್ದನು.

ಹಾಗೆಂದು ದೊಡ್ಡವರೆಲ್ಲರೂ ನಿರಾಶರಾದರೆಂದು ತಿಳಿಯಬಾರದು. ಚಿಕಾಗೋ ನಗರದ ಪ್ರಸಿದ್ಧ ವಿಮರ್ಶಕ ರೋಜರ್ ಎಬರ್ಟ್ ಅವರು ನಾಲ್ಕಕ್ಕೆ ಮೂರೂವರೆ ನಕ್ಷತ್ರಗಳನ್ನು ಕೊಟ್ಟು, ಕಣ್ಣಿಗೆ ಕಟ್ಟುವ ಅದರ ಲೋಕಸೃಷ್ಟಿಯನ್ನು ಹೊಗಳಿದರು. ನೀರಿನೊಳಗಿನ ನಗರ, ಗ್ರಹವನ್ನೆಲ್ಲ ಮುಚ್ಚಿರುವ ರಾಜಧಾನಿ, ಮರಳುಗಾಡಿನಲ್ಲಿ ಯಂತ್ರರಥಗಳ ಪಂದ್ಯ, ಇವುಗಳನ್ನು ಮೆಚ್ಚಿದವರು ಬಹಳ ಮಂದಿ. ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಭಾಗವೂ ಒಂದುಂಟು: ಕೊನೆಯಲ್ಲಿ ಕ್ವೈ-ಗಾನನೂ ಓಬಿ-ವಾನನೂ ಡಾರ್ತ್ ಮಾಲ್ ಎಂಬ ಕೆಂಪು ಮುಖದ ಶತ್ರುವಿನೊಡನೆ ಮಾಡುವ ಖಡ್ಗಯುದ್ಧ. ಆ ಯುದ್ಧಕ್ಕೆ ಜಾನ್ ವಿಲಿಯಮ್ಸ್ ಅವರು ರಚಿಸಿದ ವೃಂದಗಾನದ ಮಾತುಗಳು ಸಂಸ್ಕೃತದವು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ವೇಲ್ಸ್ ದೇಶದ ಪ್ರಾಚೀನ ಕವಿತೆಯೊಂದನ್ನು ರಾಬರ್ಟ್ ಗ್ರೇವ್ಸ್ ಎಂಬ ಕವಿ ಇಂಗ್ಲಿಷಿಗೆ ತಂದಿದ್ದರು. ಅದರ ಒಂದೆರಡು ಸಾಲುಗಳನ್ನು ವಿಲಿಯಮ್ಸ್ ಅವರು ಸಂಸ್ಕೃತಕ್ಕೆ ಮಾಡಿಸಿ, ಅರ್ಥಕ್ಕಿಂತ ಧ್ವನಿಯನ್ನೇ ಗಮನಿಸಿ ಪದಗಳನ್ನು ಹಿಂದು ಮುಂದು ಮಾಡಿ ಹಾಡಿಸಿದರು. ಲಂಡನ್ನಿನ ಗಾಯಕರ ಬಾಯಿಂದ ಬಂದ ಆ ಸಂಸ್ಕೃತವನ್ನು ವೈಯಾಕರಣನೂ ಬಿಡಿಸಲಾರನು. ಆದರೆ ಎದೆ ನಡುಗದೆ ಇರುವುದಿಲ್ಲ.

ಈ ಒಮ್ಮತಕ್ಕೆ ಕಾರಣವನ್ನು ಹುಡುಕಿದರೆ ಮಿಕ್ಕ ಭಿನ್ನಮತದ ಕಾರಣವೂ ದೊರೆಯುತ್ತದೆ. ಡಾರ್ತ್ ಮಾಲನನ್ನಾಗಲಿ ಆ ವೃಂದಗಾನವನ್ನಾಗಲಿ ಯಾರೂ ಮುಂಚಿತವಾಗಿ ಮನಸ್ಸಿನಲ್ಲಿ ಕಲ್ಪಿಸಿಕೊಂಡಿರಲಿಲ್ಲ. ಹಳೆಯ ಚಿತ್ರಗಳಲ್ಲಿ ಅವುಗಳ ಸುಳಿವೇ ಇಲ್ಲ. ಆದುದರಿಂದ ಪ್ರೇಕ್ಷಕನು ಅವುಗಳ ಮುಂದೆ ಬರಿದಾದ ಮನಸ್ಸಿನಿಂದ ಕುಳಿತನು. ಬಂದುದನ್ನು ಬಂದಂತೆ ಪಡೆದನು. ವೇಡರನ ಬಾಲ್ಯ, ಜೆಡೈಗಳ ಮಹಿಮೆ, ಫೋರ್ಸಿನ ಮರ್ಮ ಇವುಗಳ ವಿಷಯದಲ್ಲಿ ಅವನ ಮನಸ್ಸು ಬರಿದಾಗಿರಲಿಲ್ಲ. ಅಲ್ಲಿ 16 ವರ್ಷಗಳ ಪದಾರ್ಥ ತುಂಬಿತ್ತು. ತುಂಬಿದ ಪಾತ್ರೆಯ ಮೇಲೆ ಸುರಿದುದು ಹೊರಗೆ ಚೆಲ್ಲಿತು.

ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ‘ಅಪ್ರಧಾನತೆ’ ಎಂಬುದೊಂದು: ಯಾವುದು ಮುಖ್ಯವೋ ಅದು ಮುಖ್ಯವಾಗಿ ತೋರದಿರುವುದು. ‘ನಿಜಸುಖಾದಿವಿವಶೀಭಾವ’ ಎಂಬುದು ಇನ್ನೊಂದು: ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ, ಎದುರಿಗಿರುವುದರಲ್ಲಿ ಮನಸ್ಸನ್ನು ನಿಲ್ಲಿಸಲಾರದಿರುವುದು. ಮೊದಲನೆಯದು ಕೃತಿಯ ದೋಷ, ಎರಡನೆಯದು ಪ್ರೇಕ್ಷಕನದು. 1999ರ ಚಿತ್ರದ ವಿಷಯದಲ್ಲಿ ಎರಡೂ ಒಟ್ಟಿಗೆ ಕೂಡಿಕೊಂಡವು. ನಾಯಕನಾರೆಂದು ಕೇಳಿದವರು ಕೃತಿಯ ದೋಷವನ್ನು ಸರಿಯಾಗಿಯೇ ಹಿಡಿದರು. ಆದರೆ ಅವರಲ್ಲಿ ಅನೇಕರು ತಮ್ಮ ಬಾಲ್ಯವನ್ನೇ ಯಾರೋ ಕೆಡಿಸಿದರೆಂಬಂತೆ ಮಾತನಾಡಿದರು. ಕೆಟ್ಟ ಚಿತ್ರವೊಂದರಿಂದ ಯಾರ ಬಾಲ್ಯವೂ ಕೆಡುವುದಿಲ್ಲ. ಅದು ಆಗಲೇ ಕಳೆದುಹೋಗಿದೆ ಎಂಬುದು ತಿಳಿಯುತ್ತದೆ, ಅಷ್ಟೇ. ನಿಜವಾದ ನೋವು ಅದು. ಅದಕ್ಕೆ ಕಾರಣನೆಂದು ಬೆರಳು ತೋರಿಸಲು ಒಬ್ಬ ನಿರ್ದೇಶಕ ಸಿಕ್ಕಿದ್ದು ಮಾತ್ರ ಅನುಕೂಲವಾಯಿತು.

ಕೊನೆ ತಿಳಿದವನಿಗೆ ಪೂರ್ವಕಥೆಯಲ್ಲಿ ರಸವಿಲ್ಲವೆಂದು ಕೆಲವರು ವಾದಿಸುವುದುಂಟು. ಇದು ಒಪ್ಪತಕ್ಕ ಮಾತಲ್ಲ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ಲಕ್ಷ್ಮಣನು ತಂದ ಚಿತ್ರಪಟಗಳಲ್ಲಿ ಸೀತಾರಾಮರು ತಮ್ಮ ಹಿಂದಿನ ಜೀವನವನ್ನು ನೋಡುತ್ತ ಒಮ್ಮೆ ನಲಿಯುತ್ತಾರೆ, ಒಮ್ಮೆ ಅಳುತ್ತಾರೆ. ಆ ಅಂಕ ಮುಗಿಯುವುದರೊಳಗೆ ಅವರು ಅಗಲಬೇಕಾಗಿದೆಯೆಂದು ಸಭಿಕರಿಗೆ ತಿಳಿದಿದೆ. ತಿಳಿದಿರುವುದರಿಂದಲೇ ಅವರ ನಲಿವು ನೋಡುವವರ ಎದೆಯನ್ನು ಹಿಂಡುತ್ತದೆ. ‘ಫ್ಯಾಂಟಮ್ ಮೆನೇಸ್’ ಚಿತ್ರದ ಕೊನೆಯಲ್ಲಿಯೂ ಅಂತಹ ಒಂದು ಕ್ಷಣವುಂಟು. ಹೊಸದಾಗಿ ಅಧಿಕಾರಕ್ಕೆ ಬಂದ ಪಾಲ್ಪಟೀನ್ ಎಂಬ ಹಿರಿಯನು ಬಾಲಕ ಅನಾಕಿನನ ಭುಜದ ಮೇಲೆ ಕೈಯಿಟ್ಟು, ಅವನ ಏಳಿಗೆಯನ್ನು ತಾನು ಗಮನಿಸುತ್ತಿರುವೆನೆಂದು ಪ್ರೀತಿಯಿಂದ ಹೇಳುತ್ತಾನೆ. ಪಕ್ಕದಲ್ಲಿದ್ದ ಮಗನಿಗೆ ಅದು ಅಜ್ಜನೊಬ್ಬನ ಆಶೀರ್ವಾದ. ತಂದೆಗಾದರೋ ಆ ಹಿರಿಯನೇ ಮುಂದೆ ಚಕ್ರವರ್ತಿಯಾಗಿ ಆ ಬಾಲಕನನ್ನು ವೇಡರನನ್ನಾಗಿ ಮಾಡುವವನೆಂದು ತಿಳಿದಿದೆ. ಅವನಿಗೆ ಮೈ ಜುಮ್ಮೆನ್ನುತ್ತದೆ. ಮಗನ ಸಂತೋಷವೂ ತಂದೆಯ ನಡುಕವೂ ಎರಡೂ ನಿಜವೇ. ಪೂರ್ವಕಥೆಯು ಸಾರ್ಥಕವಾಗುವುದು ಇಂತಹ ಎಡೆಗಳಲ್ಲಿ. ಅಂತಹ ಎಡೆಗಳು ಆ ಚಿತ್ರದಲ್ಲಿ ವಿರಳವಾದುದು ಅದರ ದೌರ್ಭಾಗ್ಯ.

ಅಭಿಮಾನಿಗಳು ಬೈದು ಸುಮ್ಮನಾಗಲಿಲ್ಲ. ಒಬ್ಬರು ತಾವೇ ಕತ್ತರಿ ಹಿಡಿದು ಮೂಲದಿಂದ ಸುಮಾರು 20 ನಿಮಿಷಗಳನ್ನು ತೆಗೆದುಹಾಕಿ, ಜಾರ್ ಜಾರನ ಮಾತನ್ನು ಕುಗ್ಗಿಸಿ, ಒಂದು ಪಾಠಾಂತರವನ್ನೇ ಸಿದ್ಧಪಡಿಸಿದರು. 2001ರ ಹೊತ್ತಿಗೆ ಅದರ ಪ್ರತಿಗಳು ಕೈಯಿಂದ ಕೈಗೆ ಹರಡಿದ್ದವು. 2011ರಲ್ಲಿ ಇನ್ನೊಬ್ಬರು ಚಿತ್ರಗಳನ್ನು ನೋಡುವ ಕ್ರಮವೊಂದನ್ನು ಸೂಚಿಸಿದರು: ಮೊದಲು ನಾಲ್ಕು ಮತ್ತು ಐದು, ಆಮೇಲೆ ಎರಡು ಮತ್ತು ಮೂರು, ಕೊನೆಗೆ ಆರು. ಮೊದಲನೆಯ ಭಾಗಕ್ಕೆ ಆ ಪಂಕ್ತಿಯಲ್ಲಿ ಎಲೆಯೇ ಇಲ್ಲ. ಮತ್ತೊಬ್ಬರು 2014ರಲ್ಲಿ ದೀರ್ಘವಾದ ಪ್ರಬಂಧವನ್ನು ಬರೆದು, ಆರು ಭಾಗಗಳೂ ಒಂದಕ್ಕೊಂದು ಪ್ರತಿಬಿಂಬವಾಗಿ ಉಂಗುರದಂತೆ ಕೂಡಿಕೊಂಡಿವೆಯೆಂದೂ, ಉಪಕ್ರಮವನ್ನು ತಿಳಿಯದೆ ಉಪಸಂಹಾರವು ಅರ್ಥವಾಗದೆಂದೂ ಸಾಧಿಸಲೆಳಸಿದರು. ಅಳಿಸಿದವನೂ ಬಿಟ್ಟವನೂ ಭಾಷ್ಯ ಬರೆದವನೂ ಒಂದು ವಿಷಯದಲ್ಲಿ ಸಮಾನರು. ಬೇಡವಾದ ಗ್ರಂಥಕ್ಕೆ ಇಷ್ಟು ಶ್ರಮವನ್ನು ಯಾರೂ ಪಡುವುದಿಲ್ಲ.

ಈ ನಡುವೆ ಕಾಲವು ತನ್ನ ಕೆಲಸವನ್ನು ಮಾಡುತ್ತಲಿತ್ತು. 2002ರಲ್ಲಿಯೂ 2005ರಲ್ಲಿಯೂ ಪೂರ್ವಕಥೆಯ ಮಿಕ್ಕ ಎರಡು ಭಾಗಗಳು ಬಂದವು. ಮಹಾಸಭೆಯ ನೀರಸವಾದ ಚರ್ಚೆಗಳು ಎಲ್ಲಿಗೆ ಸಾಗುತ್ತಿದ್ದವೆಂಬುದು ಆಗ ತಿಳಿಯಿತು. ಭಯಪಟ್ಟ ಜನ ಒಬ್ಬನ ಕೈಗೆ ಅಸಾಧಾರಣವಾದ ಅಧಿಕಾರವನ್ನು ಕೊಡುತ್ತಾರೆ. ಕೊಟ್ಟ ಸಭೆಯೇ ತನ್ನ ಸ್ವಾತಂತ್ರ್ಯದ ಮರಣಕ್ಕೆ ಕೈತಟ್ಟುತ್ತದೆ. ತೆರಿಗೆಯ ಜಗಳವನ್ನು ಹಾಸ್ಯಮಾಡಿದ್ದವರಲ್ಲಿ ಕೆಲವರು ಅದನ್ನು ಮತ್ತೊಮ್ಮೆ ನೋಡಿ, ಮೊದಲಿನಂತೆ ನಗಲಾರದೆ ಹೋದರು. ಅದಕ್ಕಿಂತ ಹೆಚ್ಚಾಗಿ, 1999ರಲ್ಲಿ ತಂದೆಯ ಪಕ್ಕದಲ್ಲಿ ಕುಳಿತಿದ್ದ ಮಕ್ಕಳು ದೊಡ್ಡವರಾದರು. ಅವರಿಗೆ ಇದೇ ಮೊದಲ ಕಥೆ; ಹಳೆಯ ಚಿತ್ರಗಳು ಇದರ ಮುಂದುವರಿಕೆ ಮಾತ್ರ. ತಂದೆಯರು ಕಳೆದುಕೊಂಡೆವೆಂದು ಅತ್ತ ವಸ್ತುವನ್ನು ಅವರು ಅದೇ ಚಿತ್ರದಲ್ಲಿ ಪಡೆದಿದ್ದರು. ಈಗ ಬರೆಯುವವರೂ ಮಾತನಾಡುವವರೂ ಅವರೇ ಆದುದರಿಂದ ಚಿತ್ರದ ಬೆಲೆಯೂ ಏರಿತು. 25 ವರ್ಷ ತುಂಬಿದ ಸಂದರ್ಭದಲ್ಲಿ, 2024ರ ಮೇ ತಿಂಗಳು, ಅದನ್ನು ಮತ್ತೆ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಅಮೆರಿಕದಲ್ಲಿ ಆ ವಾರಾಂತ್ಯದ ಗಳಿಕೆಯಲ್ಲಿ ಈ ಹಳೆಯ ಚಿತ್ರಕ್ಕೆ ಎರಡನೆಯ ಸ್ಥಾನ ದೊರೆಯಿತು.

ಇಷ್ಟರಿಂದಲೇ ಕಥೆ ಮುಗಿಯುವುದಾಗಿದ್ದರೆ ‘ಲೋಕೋ ಭಿನ್ನರುಚಿಃ’ ಎಂದು ಹೇಳಿ ನಗುತ್ತ ಎದ್ದುಹೋಗಬಹುದಾಗಿತ್ತು. ಆದರೆ ಈ ಜಗಳದಲ್ಲಿ ಗಾಯಗೊಂಡವರುಂಟು.

ಜಾರ್ ಜಾರನ ಪಾತ್ರವನ್ನು ಮಾಡಿದವರು ಅಹ್ಮದ್ ಬೆಸ್ಟ್ ಎಂಬ ತರುಣ ನಟರು. ತೆರೆಯ ಮೇಲೆ ಅವರ ಮುಖ ಕಾಣುವುದಿಲ್ಲ. ಅವರ ಚಲನವಲನಗಳನ್ನೂ ಧ್ವನಿಯನ್ನೂ ತೆಗೆದುಕೊಂಡು ಗಣಕಯಂತ್ರದಿಂದ ಆ ಪ್ರಾಣಿಯನ್ನು ಮೂಡಿಸಿದರು. ಅಂತಹ ಅಭಿನಯ ಆಗ ಹೊಸದು. ಇಂದು ಅನೇಕ ಚಿತ್ರಗಳಲ್ಲಿ ಹೊಗಳಿಸಿಕೊಳ್ಳುವ ಆ ವಿದ್ಯೆಯಲ್ಲಿ ಅವರು ಮೊದಲಿಗರಲ್ಲೊಬ್ಬರು. ಅವರಿಗೆ ಬಂದ ಬಹುಮಾನವಾದರೋ, ವರ್ಷದ ಕೆಟ್ಟ ಚಿತ್ರಗಳನ್ನು ಹಾಸ್ಯಮಾಡಲು ಕೊಡತಕ್ಕ ‘ರಾಝಿ’ ಎಂಬ ಅಣಕದ ಪ್ರಶಸ್ತಿ. ಪಾತ್ರದ ಮೇಲಿನ ಸಿಟ್ಟು ಮನುಷ್ಯನ ಮೇಲೆ ತಿರುಗಿತು. 2018ರ ಜುಲೈ ತಿಂಗಳಲ್ಲಿ ಅವರು ತಮ್ಮ ಚಿಕ್ಕ ಮಗನೊಡನೆ ಸೇತುವೆಯೊಂದರ ಮೇಲೆ ನಿಂತಿರುವ ಭಾವಚಿತ್ರವನ್ನು ಪ್ರಕಟಿಸಿ, ಸುಮಾರು 20 ವರ್ಷಗಳ ಹಿಂದೆ ಆ ನಿಂದೆಯನ್ನು ತಾಳಲಾರದೆ ತಾವು ಅಲ್ಲಿಯೇ ಪ್ರಾಣವನ್ನು ಬಿಡಲು ಯೋಚಿಸಿದ್ದುದನ್ನೂ, ಬದುಕಿ ಉಳಿದುದರ ಫಲವೇ ಆ ಮಗುವೆಂಬುದನ್ನೂ ಲೋಕಕ್ಕೆ ತಿಳಿಸಿದರು. ಅನಾಕಿನನ ಪಾತ್ರವನ್ನು ಮಾಡಿದ ಜೇಕ್ ಲಾಯ್ಡ್ ಚಿತ್ರೀಕರಣದ ಕಾಲದಲ್ಲಿ 8 ವರ್ಷದ ಹುಡುಗ. ಅವನ ನುಡಿಯಲ್ಲಿ ಭಾವ ಸಾಲದೆಂದು ವಯಸ್ಸಾದವರು ಬರೆದರು. ಶಾಲೆಯಲ್ಲಿ ಜೊತೆಯ ಹುಡುಗರು ಪೀಡಿಸಿದರು. ಕೆಲವು ವರ್ಷಗಳೊಳಗಾಗಿ ಅವನು ನಟನೆಯನ್ನು ಬಿಟ್ಟನು. ಎಂಟು ವರ್ಷದ ಮಗುವಿಗೆ ಬರೆದುಕೊಟ್ಟ ಮಾತುಗಳನ್ನು ಬರೆದವರು ದೊಡ್ಡವರು; ಆ ಮಗುವಿನಿಂದ ಹೇಳಿಸಿದವರೂ ದೊಡ್ಡವರು.

ಪ್ರೇಕ್ಷಕನಿಗೆ ಕೃತಿಯ ಮೇಲೆ ಅಧಿಕಾರವಿಲ್ಲವೆಂದು ಯಾರೂ ಹೇಳಲಾರರು. ಹಣ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕೊಟ್ಟವನು ಅವನು. ಮೆಚ್ಚಲು, ಜರೆಯಲು, ಬೇಕಾದರೆ ಕತ್ತರಿಸಿ ಜೋಡಿಸಲು ಅವನಿಗೆ ಹಕ್ಕುಂಟು. ಆದರೆ ಆ ಹಕ್ಕು ತೆರೆಯವರೆಗೆ ಮಾತ್ರ. ವೇಷವನ್ನು ಕಳಚಿ ಮನೆಗೆ ಹೊರಟವನ ಬೆನ್ನುಹತ್ತಿ ಹೋಗುವುದಕ್ಕೆ ಅದು ಅನುಮತಿ ಕೊಡುವುದಿಲ್ಲ. ಪ್ರೀತಿಯಿಂದ ಹುಟ್ಟಿದ ಸಿಟ್ಟೆಂದು ಹೇಳಿದರೂ ಗಾಯ ಗಾಯವೇ.

ಈ ಪಾಠವನ್ನು ಮುಂದಿನ ತಲೆಮಾರಿನವರು ಕಲಿತರೆಂದು ಹೇಳುವಂತಿಲ್ಲ. 2012ರಲ್ಲಿ ಲ್ಯೂಕಸ್ ಅವರು ತಮ್ಮ ಸಂಸ್ಥೆಯನ್ನು ಡಿಸ್ನಿ ಕಂಪೆನಿಗೆ ಮಾರಿದರು. 2015ರಿಂದ ಹೊಸ ಮೂರು ಭಾಗಗಳು ಬಂದವು. 2017ರ ‘ದಿ ಲಾಸ್ಟ್ ಜೆಡೈ’ ಚಿತ್ರದ ಮೇಲೆ ಎದ್ದ ಕೂಗಿನಲ್ಲಿ, ಪೂರ್ವಕಥೆಯನ್ನು ನೋಡಿ ಬೆಳೆದವರ ಧ್ವನಿಯೂ ಸೇರಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಚಿತ್ರದ ನಟಿ ಕೆಲಿ ಮೇರಿ ಟ್ರಾನ್ ಅವರು ನಿಂದೆಯ ಸುರಿಮಳೆಯನ್ನು ತಾಳಲಾರದೆ 2018ರ ಜೂನ್ ತಿಂಗಳಲ್ಲಿ ಸಾರ್ವಜನಿಕ ಬರೆಹದಿಂದ ಹಿಂದೆ ಸರಿದರು. ಬೆಸ್ಟ್ ಅವರು ಸೇತುವೆಯ ಭಾವಚಿತ್ರವನ್ನು ಪ್ರಕಟಿಸಿದುದು ಅದರ ಮರುತಿಂಗಳು.

ಅದು ಪ್ರಕಟವಾದ ಮೇಲೆ ಅಭಿಮಾನಿಗಳ ಮನಸ್ಸು ಕರಗಿದುದೂ ನಿಜ. 2019ರ ಏಪ್ರಿಲಿನಲ್ಲಿ ಚಿಕಾಗೋ ನಗರದಲ್ಲಿ ನಡೆದ ಅಭಿಮಾನಿಗಳ ಮಹಾಸಮ್ಮೇಳನದಲ್ಲಿ ಚಿತ್ರದ 20ನೆಯ ವರ್ಷವನ್ನು ಆಚರಿಸಿದಾಗ, ವೇದಿಕೆಗೆ ಬಂದ ಬೆಸ್ಟ್ ಅವರಿಗೆ ಸಭೆಯೆಲ್ಲ ಎದ್ದುನಿಂತು ಕರತಾಡನ ಮಾಡಿತು. 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಎಂಬ ಧಾರಾವಾಹಿಯಲ್ಲಿ ಅವರಿಗೆ ಹೊಸದೊಂದು ಪಾತ್ರ ದೊರೆಯಿತು. ಜೆಡೈಗಳ ಮಂದಿರಕ್ಕೆ ಶತ್ರುಗಳು ನುಗ್ಗಿದ ರಾತ್ರಿ, ಸುತ್ತಲೂ ತನ್ನವರೆಲ್ಲ ಸಾಯುತ್ತಿರುವಾಗ, ಒಂದು ಎಳೆಯ ಮಗುವನ್ನು ಕಾಪಾಡಿ ಪಾರುಮಾಡುವ ವೀರನ ಪಾತ್ರ ಅದು. ಈ ಸಲ ಅವರ ಮುಖವನ್ನು ಯಾವ ಯಂತ್ರವೂ ಮರೆಮಾಡಿರಲಿಲ್ಲ. 1999ರಲ್ಲಿ ಅವರನ್ನು ಜರೆದವರೂ, ಅವರನ್ನು ಕಂಡು ನಕ್ಕ ಮಕ್ಕಳೂ, ಆ ಮುಖವನ್ನು ನೇರವಾಗಿ ನೋಡಿದರು.